ಊರಿನೊಡನೆ ಕಟ್ಟುವ ಕಲೆ

ಕಲೆಯೆಂದೊಡನೆ ನಮ್ಮಲ್ಲಿ ಅನೇಕರಿಗೆ ಚೌಕಟ್ಟಿನೊಳಗಿನ ಚಿತ್ರವೋ ಪೀಠದ ಮೇಲಣ ವಿಗ್ರಹವೋ ನೆನಪಿಗೆ ಬರುವುದು. ಅವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಿದರೂ ಬೆಲೆ ಕುಂದುವುದಿಲ್ಲ. ಆದರೆ ಇದ್ದ ಎಡೆಯನ್ನು ಬಿಟ್ಟೊಡನೆ ಅರ್ಥವನ್ನೇ ಕಳೆದುಕೊಳ್ಳುವ ವಸ್ತುಗಳೂ ಉಂಟು. ಕಳಸದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಭದ್ರೆಯ ಅಂಬಾತೀರ್ಥದಲ್ಲಿ ಶ್ರೀ ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಪ್ರತೀತಿಯುಳ್ಳ ಬಂಡೆಯಿದೆ. ಹಾಗೆಂದು ಸಾರುವ ಬರಹವೂ ಅದರ ಮೇಲಿದೆ. ಅದನ್ನು ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಒಯ್ದರೆ ಬರಿಯ ಕಲ್ಲಾದೀತು.

ಈಚೆಗೆ ಪಟ್ಟಣದ ಕಲಾವಿದರು ಹಳ್ಳಿಗೆ ಬಂದು, ಕೆಲವು ವಾರ ನೆಲೆಸಿ, ಊರವರ ಜತೆಗೂಡಿ ಆ ಸ್ಥಳಕ್ಕೇ ಸಲ್ಲುವ ಕೃತಿಯನ್ನು ರಚಿಸುವ ಪದ್ಧತಿ ಬೆಳೆದಿದೆ. ಇದನ್ನು ಆರ್ಟಿಸ್ಟ್ ರೆಸಿಡೆನ್ಸಿ ಎಂದು ಕರೆಯುವರು. ಉದ್ದೇಶವೇನೋ ಒಳ್ಳೆಯದೇ. ಆದರೆ ಅತಿಥಿಯು ಊರು ಬಿಟ್ಟ ಮೇಲೆ ಆ ಕೃತಿ ಯಾರದು? ಈ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಊರಿಗೆ ಉಳಿಯುವುದು ಪಾಳುಬಿದ್ದ ಗುರುತು ಮಾತ್ರ.

ಮಲೆನಾಡಿನಲ್ಲಿಯೇ ಇದಕ್ಕೊಂದು ಹಳೆಯ ಉತ್ತರವಿದೆ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಮದುವೆಯ ಸಮಯದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯುವರು. ಅಕ್ಕಿಯ ಹಿಟ್ಟಿನ ಬಿಳುಪು, ಪುಂಡಿನಾರಿನ ಕುಂಚ, ಇವೇ ಅವರ ಸಾಮಗ್ರಿ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆಯನ್ನು ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೂ ಚಿತ್ತಾರವುಂಟು. ಬಣ್ಣ ಮಾಸಿದರೆ ಯಾರೂ ಮರುಗುವುದಿಲ್ಲ. ಮುಂದಿನ ಹಬ್ಬಕ್ಕೆ ಮತ್ತೆ ಬರೆಯುವರು. ಇಲ್ಲಿ ಉಳಿಯಬೇಕಾದುದು ಗೆರೆಯಲ್ಲ, ಗೆರೆಯೆಳೆಯುವ ಕೈ. ತಾಯಿಯಿಂದ ಮಗಳು ಕಲಿಯುವವರೆಗೆ ಆ ಕಲೆಗೆ ಅಳಿವಿಲ್ಲ.

ಹೊರಗಿನಿಂದ ಬಂದವರು ಹೇಗೆ ನಡೆದುಕೊಳ್ಳಬಹುದೆಂಬುದಕ್ಕೆ ಬಸ್ತರಿನ ಕೊಂಡಗಾಂವ್ ಒಳ್ಳೆಯ ನಿದರ್ಶನ. ಮುಂಬಯಿಯ ಕಲಾವಿದೆ ನವಜೋತ್ ಅಲ್ತಾಫರು 1990ರ ದಶಕದ ಉತ್ತರಾರ್ಧದಿಂದ ಅಲ್ಲಿಯ ಆದಿವಾಸಿ ಕಲಾವಿದರಾದ ಶಾಂತಿಬಾಯಿ, ರಾಜಕುಮಾರ್ ಮೊದಲಾದವರೊಡನೆ ಕೆಲಸಮಾಡಿದರು. ಅವರು ಆರಿಸಿಕೊಂಡ ಸ್ಥಳ ಯಾವುದೆಂದರೆ, ನೀರಿನ ಕೈಪಂಪಿನ ಸುತ್ತಣ ಕೆಸರು ನೆಲ. ನೀರು ಹೊರುವ ಹೆಂಗಸರೊಡನೆ ಆಲೋಚಿಸಿ, ಬಿಂದಿಗೆಯನ್ನು ತಲೆಗೇರಿಸುವಾಗ ನಡುವೆ ತುಸು ಇಳಿಸುವುದಕ್ಕೆ ಅನುಕೂಲವಾದ ಕಟ್ಟೆಗಳನ್ನೂ, ಹರಿದ ನೀರು ಹೋಗಲು ದಾರಿಯನ್ನೂ ಮಾಡಿ, ಅದೆಲ್ಲವನ್ನೂ ಶಿಲ್ಪದಂತೆ ರೂಪಿಸಿದರು. ಇವಕ್ಕೆ ನಲ್‌ಪಾರ್ ಎಂದು ಹೆಸರು. ಮಕ್ಕಳು ಕೂಡಿ ಆಡುವುದಕ್ಕಾಗಿ ಪಿಲ್ಲಾ ಗುಡಿಗಳೂ ಎದ್ದುವು. ಸೊಂಟದ ನೋವನ್ನು ಬಲ್ಲವರನ್ನು ಮೊದಲು ಕೇಳಿದುದೇ ಆ ಕೃತಿಗಳ ಹೆಚ್ಚಳ.

ನಾಳೆ ಕಳಸಕ್ಕೆ ಅಂಥ ಕಲಾವಿದನೊಬ್ಬನು ಬಂದನೆನ್ನೋಣ. ಅವನು ಮೊದಲು ತಿಳಿಯಬೇಕಾದುದು ಇಲ್ಲಿಯ ಪಂಚಾಂಗವನ್ನು. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯು ಹಸಿಮಣ್ಣಿನ ಯಾವ ರಚನೆಯನ್ನೂ ಬಯಲಿನಲ್ಲಿ ಉಳಗೊಡದು. ಮಳೆ ಹಿಂದೆಗೆದ ಮೇಲೆ ಅಡಕೆಯ ಕೊಯ್ಲು. ಅದರ ಬೆನ್ನಿಗೇ ಕಾಫಿಯ ಕುಯ್ಲು. ಹಣ್ಣು ಬಿಡಿಸುವವರಿಗೆ ತೂಕದ ಮೇಲೆ ಕೂಲಿ ಸಲ್ಲುವ ತೋಟಗಳಲ್ಲಿ, ಒಂದು ದಿನವನ್ನು ಚಿತ್ರಕ್ಕೆ ಕೊಟ್ಟರೆ ಒಂದು ದಿನದ ಅನ್ನವನ್ನು ಕೊಟ್ಟಂತೆ. ಆದುದರಿಂದ ಕುಯ್ಲು ಮುಗಿದು ಮಳೆ ಹಿಡಿಯುವುದರೊಳಗಣ ಕಾಲವೇ ತಕ್ಕುದು. ಆಗಲೂ ಲೈನುಮನೆಯವರ ಶ್ರಮಕ್ಕೆ ಕಲಾವಿದನ ಶ್ರಮದಂತೆಯೇ ಸಂಭಾವನೆ ಸಲ್ಲಬೇಕು. ಅವರು ಉತ್ಸಾಹದಿಂದ ಕೈಜೋಡಿಸಿದರೆಂದು ಹೊಗಳಿ ಬರಿಗೈಯಲ್ಲಿ ಕಳುಹುವುದು ನ್ಯಾಯವಲ್ಲ.

ಗೃಹಸ್ಥರಾದ ನಾವು ಇಂಥ ಕಾರ್ಯಗಳಲ್ಲಿ ಬರಿಯ ಪ್ರೇಕ್ಷಕರಾಗಿರಬೇಕಾಗಿಲ್ಲ. ನಮ್ಮ ಗೋಡೆಯನ್ನೋ ಕಣವನ್ನೋ ಬಿಟ್ಟುಕೊಡುವಾಗ ಮೂರು ಮಾತು ಕೇಳಬೇಕು: ಇದರಿಂದ ಯಾರಿಗೆ ಪ್ರಯೋಜನ? ಕೆಟ್ಟರೆ ದುರಸ್ತು ಮಾಡಬಲ್ಲವರು ಊರಿನಲ್ಲಿರುವರೇ? ಮಾಡಿದವರೆಲ್ಲರ ಹೆಸರೂ ಕೃತಿಯೊಡನೆ ಇರುವುದೇ? ಈ ಮೂರಕ್ಕೂ ನೇರವಾದ ಉತ್ತರ ಕೊಡುವ ಕಲಾವಿದನಿಗೆ ಮನೆಯ ಜಗಲಿ ತೆರೆದಿರಲಿ. ಹಾಗೆ ಹುಟ್ಟಿದ ಕೃತಿಗೆ ಕಾವಲುಗಾರನ ಅಗತ್ಯವಿಲ್ಲ. ಮಳೆಗಾಲ ಕಳೆದೊಡನೆ, ಸುಣ್ಣದ ಗಡಿಗೆಯನ್ನೂ ಕೆಮ್ಮಣ್ಣನ್ನೂ ತೆಗೆದುಕೊಂಡು, ಊರವರೇ ಅದರ ಬಳಿಗೆ ಹೋಗುವರು.