*ತೂಕ ಅಷ್ಟೇ ಇದೆಯೇ? ಸೊಂಟದ ಅಳತೆಯನ್ನೂ ನೋಡಿಕೊಳ್ಳಿ*

"ಹತ್ತು ವರ್ಷದಿಂದ ನನ್ನ ತೂಕ ಅಷ್ಟೇ ಇದೆ, ನನಗೆಲ್ಲಿಂದ ಶುಗರ್ ಬರುತ್ತೆ?" ಎನ್ನುವ ಅಕ್ಕಂದಿರು ನಮ್ಮಲ್ಲಿ ಬಹಳ. ತೂಕ ಅಷ್ಟೇ ಇರಬಹುದು, ಕೊಬ್ಬು ಕೂತಿರುವ ಜಾಗ ಬದಲಾಗಿರಬಹುದು. ನೈಟಿ ಸಡಿಲ, ಲಂಗದ ಲಾಡಿಯನ್ನು ಎಷ್ಟು ಬೇಕಾದರೂ ಸಡಿಲಿಸಬಹುದು. ಸೊಂಟ ಎರಡು ಇಂಚು ಬೆಳೆದರೂ ಗೊತ್ತಾಗುವುದಿಲ್ಲ.

*ಜಾಗ ಏಕೆ ಮುಖ್ಯ?*
ತೊಡೆಯ ಚರ್ಮದಡಿಯ ಕೊಬ್ಬು ಉಗ್ರಾಣದಂತೆ, ಹೆಚ್ಚು ತೊಂದರೆ ಕೊಡುವುದಿಲ್ಲ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬು ಹಾಗಲ್ಲ. ಅದರಿಂದ ಹೊರಬರುವ ಕೊಬ್ಬಿನಾಮ್ಲಗಳು ನೇರವಾಗಿ ಲಿವರ್ ಸೇರುತ್ತವೆ. ಆಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸಕ್ಕರೆ, ಟ್ರೈಗ್ಲಿಸರೈಡ್, ಬಿ.ಪಿ. ಏರತೊಡಗುತ್ತವೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಅಲ್ಲಿಯವರೆಗೆ ತೊಡೆ, ಸೊಂಟದ ಕೆಳಭಾಗದಲ್ಲಿ ಸೇರುತ್ತಿದ್ದ ಕೊಬ್ಬು ಆಮೇಲೆ ಹೊಟ್ಟೆಯಲ್ಲಿ ಸೇರುತ್ತದೆ. ಪಿಸಿಓಎಸ್ ಇರುವ ಹೆಣ್ಣುಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲೇ ಹೀಗಾಗಬಹುದು.

ಭಾರತೀಯರು ನೋಡಲು ತೆಳ್ಳಗಿದ್ದರೂ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ ಎಂಬುದನ್ನು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ನವಜಾತ ಶಿಶುಗಳಲ್ಲೂ ಕಂಡಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹೊಟ್ಟೆಯ ಬೊಜ್ಜು ಇರುವವರು ಗಂಡಸರಲ್ಲಿ ಸುಮಾರು 12%, ಹೆಂಗಸರಲ್ಲಿ ಸುಮಾರು 40%.

*ಅಳೆಯುವುದು ಹೇಗೆ?*
✅ ಹೊಲಿಗೆಯ ಟೇಪ್ ಸಾಕು.
✅ ಸೀರೆ ಕಟ್ಟುವ ಜಾಗದಲ್ಲಲ್ಲ; ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಳೆಯಿರಿ.
✅ ಹೊಟ್ಟೆ ಎಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಟ್ಟಾಗ ನೋಡಿ.

ಹೆಂಗಸರಿಗೆ *80 ಸೆಂ.ಮೀ.* (ಸುಮಾರು ಮೂವತ್ತೊಂದೂವರೆ ಇಂಚು) ದಾಟಿದರೆ ಎಚ್ಚರಿಕೆ. ಗರ್ಭಿಣಿಯರಿಗೆ ಈ ಅಳತೆ ಅನ್ವಯಿಸುವುದಿಲ್ಲ.

*ಹೆಚ್ಚಿದ್ದರೆ ಏನು ಮಾಡಬೇಕು?*
👉 ಹೆದರಬೇಡಿ. ವೈದ್ಯರನ್ನು ಕಂಡು ಸಕ್ಕರೆ, ಲಿಪಿಡ್, ಬಿ.ಪಿ. ಪರೀಕ್ಷಿಸಿಕೊಳ್ಳಿ.
👉 ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿ.
👉 ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ, ಪಲ್ಯ, ಕಾಳು, ಮೊಸರು ಹೆಚ್ಚಿಸಿ. ಉಳಿದದ್ದನ್ನು ಹಾಳಾಗದಿರಲೆಂದು ನೀವೇ ತಿಂದು ಮುಗಿಸಬೇಡಿ.
👉 ಹೊಟ್ಟೆಗೆ ಬೆಲ್ಟ್ ಕಟ್ಟಿದರೆ, ಜೀರಿಗೆ ನೀರು ಕುಡಿದರೆ ಒಳಗಿನ ಕೊಬ್ಬು ಕರಗುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ: ತೂಕ 5% ಇಳಿದರೂ ಸಕ್ಕರೆ, ಬಿ.ಪಿ. ಸುಧಾರಿಸುತ್ತವೆ. 60 ಕೆ.ಜಿ. ಇರುವವರಿಗೆ ಅದು ಬರೀ 3 ಕೆ.ಜಿ.

ಮನೆಯವರೆಲ್ಲರ ಮಾತ್ರೆ, ರಿಪೋರ್ಟು ನೆನಪಿಟ್ಟುಕೊಳ್ಳುವವರು ನೀವೇ. ಇವತ್ತು ನಿಮ್ಮ ಅಳತೆಯನ್ನೂ ಬರೆದಿಡಿ. ಊರಿನಲ್ಲಿರುವ ಅಮ್ಮನಿಗೂ ಫೋನ್ ಮಾಡಿ ಅಳೆಯಲು ಹೇಳಿ. 🙏