ಸೈನಿಕನ ಅಂಗಿಗೆ ಯಾವ ನೂಲು?

ಸಮವಸ್ತ್ರ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬಣ್ಣ. ತೊಟ್ಟವನ ಮೈಗೆ ತಿಳಿಯುವುದು ನೂಲು.

ಹತ್ತಿ ಬೆವರು ಹೀರುತ್ತದೆ, ಮೈಗೆ ಹಿತ. ಆದರೆ ನೆನೆದರೆ ಬೇಗ ಒಣಗದು, ಮುಳ್ಳುಕಂಟಿಗೆ ಸಿಕ್ಕರೆ ಹರಿಯುತ್ತದೆ. ವಿಯೆಟ್ನಾಂ ಕಾಡಿನಲ್ಲಿ ಅಮೆರಿಕದ ಸೈನಿಕರು ತೊಟ್ಟದ್ದು ತೆಳು ಹತ್ತಿಯನ್ನೇ. ಹರಕು ಮುಂದೆ ಹಬ್ಬದಿರಲೆಂದು ನಡುನಡುವೆ ಗಟ್ಟಿ ಎಳೆಗಳ ಚೌಕುಳಿ ನೇಯ್ದ ‘ರಿಪ್‌ಸ್ಟಾಪ್’ ಬಟ್ಟೆ ಆಮೇಲೆ ಬಂತು.

1981ರಲ್ಲಿ ಅದೇ ಸೇನೆ ಹೊಸ ಸಮವಸ್ತ್ರಕ್ಕೆ ಅರ್ಧ ಹತ್ತಿ, ಅರ್ಧ ನೈಲಾನ್ ಬೆರೆಸಿತು. ಬಾಳಿಕೆಯೇನೋ ಬಂತು. ಆದರೆ 1983ರಲ್ಲಿ ಗ್ರೆನಡಾ ದ್ವೀಪಕ್ಕೆ ಇಳಿದಾಗ ಆ ದಪ್ಪ ಬಟ್ಟೆಯೊಳಗೆ ಸೈನಿಕರು ಸೆಖೆಗೆ ಬೆಂದುಹೋದರು. ಬಿಸಿಲುನಾಡಿಗೆಂದು ಮತ್ತೆ ಹಗುರ ಹತ್ತಿ. 1990ರ ದಶಕದಲ್ಲಿ ಪುನಃ ಮಿಶ್ರಣ, ಈ ಸಲ ತೆಳುವಾಗಿ!

ಹಾಗಾದರೆ ಪೂರ್ತಿ ಪಾಲಿಯೆಸ್ಟರ್ ಏಕಾಗದು? ಬೆಂಕಿಯ ಭಯ. ಹತ್ತಿಯೂ ಉರಿಯುತ್ತದೆ, ಆದರೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ಕಾದ ಅಂಟಿನಂತೆ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಇರಾಕ್‌ನಲ್ಲಿ ಬೆವರು ಬೇಗ ಒಣಗುತ್ತದೆಂದು ಮರೀನ್ ಯೋಧರು ಇಂಥ ಬನಿಯನ್ ತೊಡುತ್ತಿದ್ದರು. ಬಾಂಬ್ ಸ್ಫೋಟದ ಗಾಯ ಇದರಿಂದ ಭೀಕರವಾಗುತ್ತದೆಂದು 2006ರಲ್ಲಿ ಶಿಬಿರದಾಚೆ ಅವನ್ನು ನಿಷೇಧಿಸಲಾಯಿತು.

2022ರ ಜನವರಿ 15ರ ಸೇನಾ ದಿನದಂದು ನಮ್ಮ ಭೂಸೇನೆ ತೋರಿಸಿದ ಹೊಸ ಸಮವಸ್ತ್ರದಲ್ಲಿ ಹತ್ತಿ 70 ಪಾಲು, ಪಾಲಿಯೆಸ್ಟರ್ 30. ಹಳೆಯದಕ್ಕಿಂತ ಹಗುರ, ಬೇಗ ಒಣಗುತ್ತದೆ. ಹತ್ತಿಗೆ ದೊಡ್ಡ ಪಾಲು ಕೊಟ್ಟದ್ದು ಸರಿಯೆನಿಸುತ್ತದೆ. ಆದರೂ ಟ್ಯಾಂಕಿನೊಳಗೆ ಕೂರುವವನಿಗೆ ಇದು ಸಾಲದು. ಅವನಿಗೆ ಬೆಂಕಿ ತಡೆಯುವ ಅರಾಮಿಡ್ ನೂಲಿನ ಉಡುಪೇ ಬೇಕು.