ಒಂದೂವರೆ ಕಿಲೋಮೀಟರ್ ಗುರಿ, ಮೈಲುದ್ದದ ಕಡತ

ಸ್ನೈಪ್ ಅಂದರೆ ಒಂದು ಹಕ್ಕಿ. ಕಂದು ಮೈಮೇಲೆ ಒಣಹುಲ್ಲಿನ ಬಣ್ಣದ ಗೀರುಗಳು, ಕೆಸರಿಗೆ ಚುಚ್ಚಿ ಹುಳ ಹೆಕ್ಕಲು ಉದ್ದನೆಯ ಕೊಕ್ಕು. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ನಮ್ಮ ಗದ್ದೆ, ಕೆರೆಯಂಚುಗಳಿಗೆ ಬರುತ್ತದೆ. ಕಾಲ ಬುಡದಲ್ಲೇ ಕೂತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಎದ್ದಿತೋ, ಅಂಕುಡೊಂಕಾಗಿ ಹಾರಿ ಮಾಯ. ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಬಿಡುವಿನ ದಿನ ಈ ಹಕ್ಕಿಯ ಬೇಟೆಗೆ ಹೋಗುತ್ತಿದ್ದರು. ಊರಿಗೆ ಬರೆದ ಕಾಗದಗಳಲ್ಲಿ ಅದನ್ನು ‘ಸ್ನೈಪಿಂಗ್’ ಎಂದು ಕರೆದರು. ಇಷ್ಟು ಚುರುಕಿನ ಹಕ್ಕಿಯನ್ನು ಹೊಡೆಯಬಲ್ಲವನು ಸ್ನೈಪರ್. ಮುಂದೆ ಆ ಹೆಸರು, ಅಡಗಿ ಕೂತು ದೂರದಿಂದ ಗುರಿಯಿಡುವ ಸೈನಿಕನಿಗೆ ಅಂಟಿಕೊಂಡಿತು.

ಜಯನಗರದ ನಮ್ಮ ಮನೆಯಲ್ಲಿ ಈ ಪದ ದಿನಕ್ಕೆ ಹತ್ತು ಸಲ ಕೇಳುತ್ತದೆ. ಏಳನೇ ತರಗತಿಯ ಮೊಮ್ಮಗನ ಮೊಬೈಲ್ ಆಟದಲ್ಲಿ ‘ಎಡಬ್ಲ್ಯುಎಂ’ ಎಂಬ ಬಂದೂಕು ಇದೆಯಂತೆ. “ತಾತ, ಅದು ಸಿಕ್ಕಿದ್ರೆ ಮುಗೀತು, ಒಂದೇ ಏಟು!” ಅನ್ನುತ್ತಾನೆ. ಅದು ನಿಜವಾದ ಬಂದೂಕೇ, ಬ್ರಿಟನ್ನಿನಲ್ಲಿ ತಯಾರಾಗುತ್ತದೆ. ಆದರೆ ಬೆರಳು ಒತ್ತಿದ ಮಾತ್ರಕ್ಕೆ ಗುರಿ ಮುಟ್ಟುವುದು ಆಟದಲ್ಲಿ ಮಾತ್ರ.

ಸೌತ್ ಎಂಡ್ ಸರ್ಕಲ್ ಮೆಟ್ರೊ ನಿಲ್ದಾಣದಿಂದ ಜಯನಗರ ನಿಲ್ದಾಣಕ್ಕೆ ಸುಮಾರು ಒಂದು ಕಿಲೋಮೀಟರ್. ಅಲ್ಲಿಂದ ಆರ್.ವಿ. ರೋಡ್ ನಿಲ್ದಾಣದ ಕಡೆಗೆ ಇನ್ನರ್ಧ ದಾರಿ ಹೋದರೆ ಒಂದೂವರೆ. ಇಂದಿನ ಒಳ್ಳೆಯ ಸ್ನೈಪರ್ ಬಂದೂಕು ಅಷ್ಟು ದೂರ ಗುರಿ ಮುಟ್ಟಬೇಕು ಎಂಬುದು ಸೇನೆಗಳ ಅಪೇಕ್ಷೆ. ಅದಕ್ಕೆ ಬಳಸುವ .338 ಲಾಪುವಾ ಮ್ಯಾಗ್ನಂ ಎಂಬ ಗುಂಡಿನ ತೂಕ ಸುಮಾರು 16 ಗ್ರಾಂ. ನಳಿಕೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 900 ಮೀಟರ್. ಗಾಳಿಯನ್ನು ಸೀಳುತ್ತಾ ಹೋದಂತೆ ವೇಗ ಇಳಿಯುವುದರಿಂದ ಒಂದೂವರೆ ಕಿಲೋಮೀಟರ್ ಮುಟ್ಟಲು ಎರಡೂವರೆ ಸೆಕೆಂಡಿನ ಆಸುಪಾಸು ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಎಷ್ಟು ಕೆಳಕ್ಕೆ? 20 ಮೀಟರಿಗೂ ಹೆಚ್ಚು, ಅಂದರೆ ಆರೇಳು ಅಂತಸ್ತಿನ ಅಪಾರ್ಟ್‌ಮೆಂಟಿನಷ್ಟು! ಪೈಪು ಹಿಡಿದು ದೂರದ ಗಿಡಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯನ್ನು ಮೇಲಕ್ಕೆತ್ತುತ್ತೀರಲ್ಲ ಮಕ್ಕಳೇ, ಇಲ್ಲಿಯೂ ಅದೇ ಲೆಕ್ಕ.

ಗಾಳಿಯದು ಇನ್ನೂ ದೊಡ್ಡ ತಲೆನೋವು. ಗಂಟೆಗೆ ಹತ್ತು ಕಿಲೋಮೀಟರಿನ ಅಡ್ಡಗಾಳಿ ಸಾಕು, ಗುಂಡು ಒಂದಾಳುದ್ದಕ್ಕಿಂತ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ಅದೂ ಕಣಿವೆಯಲ್ಲಿ ಇಲ್ಲೊಂದು ಗಾಳಿ, ನಡುವೆ ಇನ್ನೊಂದು, ಗುರಿಯ ಬಳಿ ಮತ್ತೊಂದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಗುಂಡು ಬೀಳುವುದು ಕಡಿಮೆಯಾಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊಂದಿಸಿದ ಲೆಕ್ಕ ಹಿಮಾಲಯದ ಠಾಣೆಯಲ್ಲಿ ನಡೆಯದು. ಭೂಮಿ ತಿರುಗುವುದು ಕೂಡ ಕೆಲವು ಸೆಂಟಿಮೀಟರ್ ವ್ಯತ್ಯಾಸ ತರುತ್ತದೆ. ಆದ್ದರಿಂದಲೇ ಸ್ನೈಪರ್ ಒಬ್ಬನೇ ಇರುವುದಿಲ್ಲ. ಪಕ್ಕದಲ್ಲಿ ಒಬ್ಬ ಜೊತೆಗಾರ ದುರ್ಬೀನು ಹಿಡಿದು ದೂರ, ಗಾಳಿ, ಉಷ್ಣಾಂಶ ನೋಡಿ ಲೆಕ್ಕ ಹೇಳುತ್ತಿರುತ್ತಾನೆ. ಗಣಿತ ಯಾಕೆ ಕಲೀಬೇಕು ಎಂದು ಕೇಳುವ ಮೊಮ್ಮಗನಿಗೆ ಇದನ್ನು ಹೇಳಿದೆ. ಅವನಿಗೆ ಹಿಡಿಸಿದ್ದು ಬೇರೆ ಸಂಗತಿ: ಅಷ್ಟು ದೂರದಲ್ಲಿ ಗುಂಡು ಮೊದಲು ಬರುತ್ತದೆ, ಅದರ ಸದ್ದು ಬರುವುದು ಸುಮಾರು ಎರಡು ಸೆಕೆಂಡು ತಡವಾಗಿ!

2009ರ ನವೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಸೈನಿಕ ಕ್ರೇಗ್ ಹ್ಯಾರಿಸನ್ 2475 ಮೀಟರ್ ದೂರದ ಗುರಿ ಮುಟ್ಟಿದ. ಅವನ ಕೈಯಲ್ಲಿದ್ದದ್ದು ಮೊಮ್ಮಗನ ಎಡಬ್ಲ್ಯುಎಂನ ಸೇನಾ ಮಾದರಿಯೇ. ಆದರೆ ಒಂದೇ ಏಟಿಗೆ ಅಲ್ಲ. ದೂರ ಹೊಂದಿಸಿಕೊಳ್ಳಲೇ ಹಲವು ಗುಂಡು ಬೇಕಾದವು. 2017ರಲ್ಲಿ ಕೆನಡಾದ ಸೈನಿಕನೊಬ್ಬ ಇರಾಕಿನಲ್ಲಿ 3540 ಮೀಟರ್ ಮುಟ್ಟಿದ. ನನಗೆ ಇವರಿಗಿಂತ ಫಿನ್ಲೆಂಡಿನ ಸಿಮೊ ಹೈಹಾ ಎಂಬ ರೈತನ ಕಥೆ ಹೆಚ್ಚು ಕಾಡುತ್ತದೆ. 1939–40ರ ಚಳಿಗಾಲದಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ಅವನು ದುರ್ಬೀನೇ ಇಲ್ಲದ ಬಂದೂಕು ಹಿಡಿದು ಹಿಮದಲ್ಲಿ ಮಲಗಿದ. ಉಸಿರಿನ ಆವಿ ಕಾಣಬಾರದೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದ. ಕೊನೆಗೆ ಅವನ ದವಡೆಗೇ ಗುಂಡು ಬಿತ್ತು. ಹೇಗೋ ಬದುಕಿ, 96 ವರ್ಷ ಬಾಳಿ, 2002ರಲ್ಲಿ ತೀರಿಕೊಂಡ. ಗುರಿಯ ಆ ತುದಿಯಲ್ಲಿ ಇರುವುದು ಹಕ್ಕಿಯಲ್ಲ, ಒಬ್ಬ ತಾಯಿಯ ಮಗ ಎಂಬುದನ್ನು ಮೊಬೈಲ್ ಆಟ ಹೇಳುವುದಿಲ್ಲ. ಹಿರಿಯರಾದ ನಾವೇ ಹೇಳಬೇಕು.

ಇನ್ನು ನಮ್ಮ ಗಡಿಯ ವಿಷಯ. ದಶಕಗಳಿಂದ ನಮ್ಮ ಸ್ನೈಪರುಗಳ ಕೈಯಲ್ಲಿ ಇರುವುದು ಡ್ರಗುನೋವ್. 1963ರಲ್ಲಿ ಸೋವಿಯತ್ ಸೇನೆ ಒಪ್ಪಿಕೊಂಡ ಬಂದೂಕು. ಗಟ್ಟಿಮುಟ್ಟಾದದ್ದೇ, ಆದರೆ ಅದರ ಭರವಸೆಯ ದೂರ ಸುಮಾರು 800 ಮೀಟರ್. 2018ರ ಹೊತ್ತಿಗೆ ಕಾಶ್ಮೀರದ ನಿಯಂತ್ರಣ ರೇಖೆಯಲ್ಲಿ ಆಚೆಯಿಂದ ಸ್ನೈಪರ್ ದಾಳಿಗಳು ಹೆಚ್ಚಾಗಿ ನಮ್ಮ ಯೋಧರು ಪ್ರಾಣ ಕಳೆದುಕೊಂಡರು. ಹೊಸ ಬಂದೂಕು ಬೇಕೇಬೇಕಾಗಿತ್ತು.

ಪ್ರತಿ ನವೆಂಬರಿನಲ್ಲಿ ‘ನಾನು ಬದುಕಿದ್ದೇನೆ’ ಎಂದು ಕಾಗದದಲ್ಲಿ ರುಜುವಾತು ಮಾಡುವ ನಮ್ಮಂಥ ಪಿಂಚಣಿದಾರರಿಗೆ ಕಡತದ ನಡಿಗೆ ಹೊಸದೇನಲ್ಲ. ಸೇನೆಯ ಕಡತ ಇನ್ನೂ ನಿಧಾನ. ಬಂದೂಕು ಹೇಗಿರಬೇಕೆಂದು ಮೊದಲು ಸೇನೆ ಬರೆಯಬೇಕು. ಅದು ಬೇಕೇ ಎಂದು ರಕ್ಷಣಾ ಖರೀದಿ ಮಂಡಳಿ ಒಪ್ಪಬೇಕು. ಆಮೇಲೆ ಟೆಂಡರ್, ಕಾಗದದ ಮೇಲೆ ಪರಿಶೀಲನೆ, ಮರಳುಗಾಡು–ಹಿಮದಲ್ಲಿ ಪರೀಕ್ಷೆ, ಮತ್ತೆ ವರದಿ, ಬೆಲೆಯ ಚೌಕಾಸಿ, ಹಣಕಾಸಿನ ಒಪ್ಪಿಗೆ. ಯಾವ ಮೆಟ್ಟಿಲಲ್ಲಿ ಜಾರಿದರೂ ಮತ್ತೆ ಮೊದಲಿನಿಂದ. 2011ರಲ್ಲಿ ಎರಡು ಬಗೆಯ ಗುಂಡು ಹಾರಿಸುವಂತೆ ನಳಿಕೆ ಬದಲಾಯಿಸಬಲ್ಲ ಬಂದೂಕು ಬೇಕೆಂದು ಸೇನೆ ಟೆಂಡರ್ ಕರೆಯಿತು. ಒಂದೇ ಪಾತ್ರೆಯಲ್ಲಿ ಇಡ್ಲಿಯೂ ಬೇಯಬೇಕು, ದೋಸೆಯೂ ಏಳಬೇಕು ಎಂದ ಹಾಗೆ. ನಾಲ್ಕು ವರ್ಷ ಪರೀಕ್ಷೆ ನಡೆದು 2015ರಲ್ಲಿ ಅದು ರದ್ದಾಯಿತು. ಸ್ನೈಪರ್ ಬಂದೂಕಿನ ಹಣೆಬರಹವೂ ಹಾಗೇ ಆಯಿತು. 2018ರಲ್ಲಿ 5719 ಬಂದೂಕು, ಜೊತೆಗೆ ಒಂದು ಕೋಟಿಗೂ ಹೆಚ್ಚು ಗುಂಡಿಗೆ ಟೆಂಡರ್ ಕರೆದರು. ಷರತ್ತುಗಳನ್ನೆಲ್ಲ ಪೂರೈಸುವವರು ಸಿಗದೆ 2019ರಲ್ಲಿ ಕೈಬಿಟ್ಟರು. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

ಅಧಿಕಾರಿಗಳೆಲ್ಲ ಸೋಮಾರಿಗಳು ಎನ್ನುವುದು ಸುಲಭ, ಆದರೆ ನಾನು ಒಪ್ಪುವುದಿಲ್ಲ. ನನ್ನ ವಯಸ್ಸಿನವರಿಗೆ ಬೋಫೋರ್ಸ್ ನೆನಪಿದೆ. 1986ರಲ್ಲಿ ಸ್ವೀಡನ್ನಿನಿಂದ 410 ಫಿರಂಗಿ ಕೊಳ್ಳಲು ಒಪ್ಪಂದವಾಯಿತು. ಮರುವರ್ಷ ಸ್ವೀಡನ್ನಿನ ರೇಡಿಯೊ ಲಂಚದ ಸುದ್ದಿ ಬಿತ್ತರಿಸಿತು. ಅದೇ ಫಿರಂಗಿಗಳು 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಕೈ ಹಿಡಿದವು, ಆ ಮಾತು ಬೇರೆ. ಆದರೆ ಅಂದಿನಿಂದ ಸಹಿ ಹಾಕುವ ಕೈ ನಡುಗತೊಡಗಿತು. ಹೊರದೇಶದಿಂದ ಮತ್ತೆ ಹೊಸ ಹೊವಿಟ್ಜರ್ ಫಿರಂಗಿ ಬಂದಿಳಿದದ್ದು 2017ರಲ್ಲಿ! ಲಂಚ ತಡೆಯಲು ಕಟ್ಟಿದ ಬೇಲಿ ಬೆಳೆಯನ್ನೂ ಒಳಗೆ ಬಿಡದಂತಾಯಿತು. ಬೇಲಿ ಬೇಡವೆನ್ನಲಾಗದು, ಆದರೆ ಅದಕ್ಕೊಂದು ಗೇಟು ಬೇಡವೇ?

ಗೇಟು ಒಂದಿತ್ತು, ಚಿಕ್ಕದು. ತುರ್ತು ಇದ್ದಾಗ ಸೇನಾ ಕಮಾಂಡರ್ ತನ್ನ ವಿಶೇಷ ಹಣಕಾಸು ಅಧಿಕಾರ ಬಳಸಿ ಸ್ವಲ್ಪ ಸಾಮಗ್ರಿ ಕೊಳ್ಳಬಹುದು. ಆ ದಾರಿಯಲ್ಲೇ ಉತ್ತರ ಕಮಾಂಡ್ 2019ರಲ್ಲಿ ಇಟಲಿಯ ಬೆರೆಟ್ಟಾ, ಅಮೆರಿಕದ ಬ್ಯಾರೆಟ್ ಬಂದೂಕುಗಳನ್ನು ಕೆಲವೇ ಸಂಖ್ಯೆಯಲ್ಲಿ ತರಿಸಿಕೊಂಡಿತು. 2022ರಲ್ಲಿ ಫಿನ್ಲೆಂಡಿನ ಸಾಕೋ ಬಂದೂಕುಗಳು ನಿಯಂತ್ರಣ ರೇಖೆಗೆ ಬಂದವು. ಸಿಮೊ ಹೈಹಾನ ದೇಶದ್ದೇ. ಲಾಪುವಾ ಎಂಬುದೂ ಅಲ್ಲಿನ ಒಂದು ಊರಿನ ಹೆಸರು.

“ಬೆಂಗಳೂರಲ್ಲೇ ಮಾಡ್ತಾರಂತೆ, ಹೌದಾ ತಾತ?” ಎಂದು ಮೊಮ್ಮಗ ಕೇಳಿದ್ದ. ಹೌದು. ವಾಹನಗಳ ಸ್ಪ್ರಿಂಗಿಗೆ ಹೆಸರಾದ ಬೆಂಗಳೂರಿನ ಸ್ಟಂಪ್, ಷೂಲೆ ಅಂಡ್ ಸೋಮಪ್ಪ ಬಳಗದ ಎಸ್ಎಸ್ಎಸ್ ಡಿಫೆನ್ಸ್ ಎಂಬ ಕಂಪನಿ ‘ವೈಪರ್’, ‘ಸೇಬರ್’ ಎಂಬ ಎರಡು ಸ್ನೈಪರ್ ಬಂದೂಕುಗಳನ್ನು ಇಲ್ಲೇ ವಿನ್ಯಾಸಗೊಳಿಸಿತು. ಸೇಬರ್ ಹಾರಿಸುವುದು ಅದೇ .338 ಗುಂಡು, ದೂರವೂ ಅದೇ ಒಂದೂವರೆ ಕಿಲೋಮೀಟರ್. 2001ಕ್ಕೆ ಮುಂಚೆ ಖಾಸಗಿಯವರಿಗೆ ರಕ್ಷಣಾ ಉತ್ಪಾದನೆಯ ಬಾಗಿಲೇ ತೆರೆದಿರಲಿಲ್ಲ. ಆಮೇಲೂ ಪರವಾನಗಿಗೆ ಕಾಯಬೇಕು, ಹಾರಿಸಿ ನೋಡಲು ಅಷ್ಟು ಉದ್ದದ ಸುರಕ್ಷಿತ ಬಯಲು ಹುಡುಕಬೇಕು, ಟೆಂಡರ್ ಬರುವತನಕ ಕಾರ್ಖಾನೆಯನ್ನು ಬದುಕಿಸಿಕೊಳ್ಳಬೇಕು. 2024ರಲ್ಲಿ ಸೇಬರ್ ಬಂದೂಕುಗಳು ಒಂದು ಮಿತ್ರದೇಶಕ್ಕೆ ರಫ್ತಾದವು. ಭಾರತದಿಂದ ಸ್ನೈಪರ್ ಬಂದೂಕು ಹೊರದೇಶಕ್ಕೆ ಹೋದದ್ದು ಅದೇ ಮೊದಲು.

ಮೊಮ್ಮಗನ ಅಕ್ಕನಿಗೆ ಬೇರೊಂದು ಪ್ರಶ್ನೆ ಇತ್ತು, ಹುಡುಗಿಯರಿಗೆ ಈ ಕೆಲಸ ಕೊಡುತ್ತಾರಾ ಎಂದು. ಅದೇ 2024ರಲ್ಲಿ ಹಿಮಾಚಲದ ಸುಮನ್ ಕುಮಾರಿ ಇಂದೋರಿನ ತರಬೇತಿ ಶಾಲೆಯಲ್ಲಿ ಎಂಟು ವಾರದ ಕಠಿಣ ಕೋರ್ಸ್ ಮುಗಿಸಿ ಗಡಿ ಭದ್ರತಾ ಪಡೆಯ ಮೊದಲ ಮಹಿಳಾ ಸ್ನೈಪರ್ ಆದರು. ಬರೀ ಪಾಸಾಗಲಿಲ್ಲ, ಬೇರೆಯವರಿಗೆ ಕಲಿಸಬಹುದಾದ ದರ್ಜೆಯನ್ನೇ ಪಡೆದರು.

ನಮ್ಮ ಸೇನೆಯಲ್ಲಿ ಡ್ರಗುನೋವ್ ಇನ್ನೂ ನಿವೃತ್ತಿಯಾಗಿಲ್ಲ. ಅದು ಹುಟ್ಟಿದಾಗ ನಾನು ಲಂಗೋಟಿಯಲ್ಲಿದ್ದೆ.